ಮೂಳೆಮನೆಯ ಇಬ್ಬರು ಸೆಂಜಿಯರು

ವಿಂಕೆಲ್ಲಿನ ದೋಣಿಕಟ್ಟೆಯ ಮೇಲೆ ನಿಂತು ‘ವಿಂಕ್ಲರ್!’ ಎಂದು ಕೂಗಿದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ನೂರಾ ಹನ್ನೆರಡು ಮನೆಗಳಲ್ಲಿ ತೊಂಬತ್ತು ಮನೆಯವರು ವಿಂಕ್ಲರರೇ. ಊರು ವಿಂಕೆಲ್, ಊರ ಮುಂದಿನ ಸರೋವರದ ಮೂಲೆ ವಿಂಕೆಲ್, ಹಿಂದಿನ ಕಣಿವೆ ವಿಂಕ್ಲರ್ ಕಣಿವೆ, ಅಲ್ಲಿಂದ ಇಳಿದು ಬರುವ ಹಳ್ಳಕ್ಕೂ ಅದೇ ಹೆಸರು. ‘ಆ ಊರಿನ ಬೆಕ್ಕುಗಳೂ ವಿಂಕ್ಲರರೇ’ ಎಂದು ಆಚೆ ದಡದವರು ನಗುತ್ತಿದ್ದರು. ನಗಲಿ ಬಿಡಿ. ಊರೊಳಗೆ ಅದರಿಂದ ಯಾರಿಗೂ ತೊಡಕಿರಲಿಲ್ಲ, ಏಕೆಂದರೆ ಊರೊಳಗೆ ಆ ಹೆಸರನ್ನು ಯಾರೂ ಬಳಸುತ್ತಿರಲಿಲ್ಲ. ಮನೆಹೆಸರು ಇತ್ತಲ್ಲ. ಸಂಕದ ಮನೆ, ಕುಲುಮೆ ಮನೆ, ಗಿರಣಿ ಮನೆ, ಮೇಲಿನ ಸೇಬಿನ ಮನೆ, ಕೆಳಗಿನ ಸೇಬಿನ ಮನೆ. ವಿಂಕ್ಲರ್ ಎಂಬುದು ಹುಟ್ಟಿದಾಗ ಒಮ್ಮೆ, ಮದುವೆಯಲ್ಲಿ ಒಮ್ಮೆ, ಸತ್ತಾಗ ಒಮ್ಮೆ ಇಗರ್ಜಿಯ ಗುರುಗಳ ದಪ್ಪ ಪುಸ್ತಕದಲ್ಲಿ ಬೀಳುತ್ತಿದ್ದ ಹೆಸರು. ಬದುಕುವುದಕ್ಕೆ ಅದು ಬೇಕಾಗುತ್ತಿರಲಿಲ್ಲ.

ಆ ಪುಸ್ತಕದ ನೋಟ್‌ಬುರ್ಗಾ ವಿಂಕ್ಲರ್ ಊರಿನ ಬಾಯಲ್ಲಿ ಸಂಕದ ಬುರ್ಗಿ. ಹುಟ್ಟಿದ್ದು ಮೇಲಿನ ಸೇಬಿನ ಮನೆಯಲ್ಲಿ. ಹಳ್ಳ ದಾಟುವ ಮರದ ಸಂಕಕ್ಕೆ ಅಂಟಿಕೊಂಡಿದ್ದ ಪುಟ್ಟ ಮನೆಗೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಸೊಸೆಯಾಗಿ ಬಂದಳು. ಮದುವೆಯಾದರೂ ಅವಳ ಹೆಸರು ಬದಲಾಗಲಿಲ್ಲ, ಮನೆ ಬದಲಾಯಿತು. ಗಂಡ ಲಿಯೊನಾರ್ಡ್ ಉಪ್ಪಿನ ಗಣಿಯಲ್ಲಿ ಮರದ ಆಸರೆ ಕಟ್ಟುವವನು. ಮಾತು ಕಡಿಮೆ. ಬುರ್ಗಿಗೆ ಮಾತೂ ಹೆಚ್ಚು, ಸಿಟ್ಟೂ ಹೆಚ್ಚು. ಮದುವೆಯಾಗಿ ಆರು ವರ್ಷಕ್ಕೆ, ಮಗಳಿಗೆ ಐದು ತುಂಬಿದ ಚಳಿಗಾಲದಲ್ಲಿ, ಅವನು ಕಟ್ಟಿದ ಆಸರೆಯೇ ಅವನ ಮೇಲೆ ಕುಸಿಯಿತು.

ಸರೋವರಕ್ಕೂ ಬಂಡೆಗೂ ನಡುವೆ ವಿಂಕೆಲ್ಲಿಗೆ ದೇವರು ಕೊಟ್ಟದ್ದು ಒಂದು ಪಟ್ಟಿ ನೆಲ. ಬದುಕಿರುವವರಿಗೇ ಸಾಲದ ನೆಲದಲ್ಲಿ ಸತ್ತವರಿಗೆ ಹತ್ತು ವರ್ಷ ಜಾಗ. ಹತ್ತು ತುಂಬಿದ ಮೇಲೆ, ಹೊಸಬರಿಗೆ ಜಾಗ ಬೇಕಾದಾಗ, ಹಳಬರು ಎದ್ದು ಮೂಳೆಮನೆಗೆ ಹೋಗಬೇಕು. ಗುಂಡಿ ತೋಡುವವನು ತಲೆಬುರುಡೆಯನ್ನು ಎತ್ತಿ ತನ್ನ ಕೊಟ್ಟಿಗೆಯ ಮಾಡಿನ ಮೇಲೆ ಆರು ವಾರ ಬಿಸಿಲಿಗೂ ಬೆಳದಿಂಗಳಿಗೂ ಇಡುತ್ತಾನೆ. ಅದು ಹಾಲಿನಂತೆ ಬೆಳ್ಳಗಾದ ಮೇಲೆ ಮನೆಯವರನ್ನು ಕರೆಯುತ್ತಾನೆ. ಮನೆಯ ಹೆಂಗಸು ಬಂದು ಅದನ್ನು ಕೈಯಾರೆ ತೊಳೆದು ಒರೆಸುತ್ತಾಳೆ. ಆಮೇಲೆ ಅವನು ಹಣೆಯ ಮೇಲೆ ಹೆಸರು ಬರೆದು, ಗಂಡಸಾದರೆ ಓಕ್ ಎಲೆಯ ಸರ, ಹೆಂಗಸಾದರೆ ಗುಲಾಬಿಯ ಸರ ಬಿಡಿಸುತ್ತಾನೆ. ಹಾಗೆ ಸಿದ್ಧವಾದ ತಲೆಗಳಿಗೆ ಮೂಳೆಮನೆಯ ಹಲಗೆಗಳ ಮೇಲೆ ಒಂದೊಂದು ಮನೆಗೆ ಒಂದೊಂದು ಸಾಲು.

ಲಿಯೊನಾರ್ಡನ ತಲೆಯನ್ನು ತೊಳೆದ ದಿನವನ್ನು ಬುರ್ಗಿ ಹಬ್ಬದ ದಿನದಂತೆ ನೆನೆಯುತ್ತಿದ್ದಳು. ಆಗ ಗುಂಡಿ ತೋಡುತ್ತಿದ್ದವನು ಮುದುಕ ಇಗ್ನಾಜ್. ಅವನು ಬುರುಡೆಯನ್ನು ಬೋರಲು ಹಾಕಿ, ಕತ್ತಿನ ಗೂಡಿನ ಹತ್ತಿರ ಮೊಳೆಯಿಂದ ಗೀರಿದ್ದ ಗುರುತು ತೋರಿಸಿದ. ಎರಡು ಅಡ್ಡಗೆರೆ, ಕೆಳಗೊಂದು ಅಲೆ. ಸಂಕದ ಮನೆಯ ಗುರುತು. ಅವರ ಕೊಡಲಿಯ ಹಿಡಿಯ ಮೇಲೆ, ಮೇಕೆಯ ಕಿವಿಯ ಮೇಲೆ ಇರುವುದೂ ಅದೇ.

“ನಿನ್ನವನೇ ತಗೋ. ಮಣ್ಣಿಂದ ಮೇಲೆ ಬಂದ ತಕ್ಷಣ ಗೀರಿಬಿಡ್ತೀನಿ,” ಎಂದ ಇಗ್ನಾಜ್. “ಇಲ್ದಿದ್ರೆ ಪುನರುತ್ಥಾನದ ದಿನ ನನ್ನ ಹಿಡ್ಕೊಂಡು ಒದೀತೀರ ನೀವು ಹೆಂಗಸರು.”

ಬುರ್ಗಿ ಆ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಮಧ್ಯಾಹ್ನವಿಡೀ ಮಾತಾಡಿದಳು. ಬದುಕಿದ್ದಾಗ ಅಂದದ್ದನ್ನು, ಅನ್ನದೆ ಬಿಟ್ಟದ್ದನ್ನು, ಅವನು ಸತ್ತ ಮೇಲೆ ಅವನ ಮೇಲೆ ಬಂದ ಸಿಟ್ಟನ್ನು, ಎಲ್ಲ. ಎದ್ದಾಗ ಎದೆ ಹಗುರವಾಗಿತ್ತು. ಜೀವಂತ ಗಂಡ ಅಷ್ಟು ಹೊತ್ತು ಕೂತು ಕೇಳಿದ್ದೇ ಇಲ್ಲ ಎಂದು ಮನೆಗೆ ಬಂದು ಮಗಳ ಹತ್ತಿರ ಹೇಳಿ ನಕ್ಕಳು.

ಮಗಳು ಕ್ರೆಸೆನ್ಸ್. ಕರೆಯುವುದು ಸೆಂಜಿ. ಗಿರಣಿ ಮನೆಯ ಮುದುಕಿ ಕ್ರೆಸೆನ್ಸ್ ಆ ಮಗುವಿನ ದೀಕ್ಷಾಸ್ನಾನದಲ್ಲಿ ಜ್ಞಾನತಾಯಿಯಾಗಿ ನಿಂತಳು, ಆದ್ದರಿಂದ ಅವಳ ಹೆಸರೇ ಮಗುವಿಗೂ ಬಂತು. ಅದಕ್ಕೂ ಒಂದು ವರ್ಷ ಮುಂಚೆ ಅದೇ ಮುದುಕಿ ಕುಲುಮೆ ಮನೆಯ ಅಫ್ರಾಳ ಮಗುವನ್ನೂ ದೀಕ್ಷೆಗೆ ಎತ್ತಿಕೊಂಡಿದ್ದಳು. ಹೀಗೆ ಊರಿನಲ್ಲಿ ಇಬ್ಬರು ಸೆಂಜಿಯರು. ಸಂಕದ ಸೆಂಜಿ, ಕುಲುಮೆ ಸೆಂಜಿ. ಸಂಕದವಳು ತಾಯಿಯ ಹಾಗೆ ಮೊಂಡಿ. ಕುಲುಮೆಯವಳು ಹಾಡುತ್ತಿದ್ದಳು. ದೂರದಿಂದ ನೋಡಿದರೂ ಯಾರು ಯಾರೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು.

ಗಣಿಯಿಂದ ಉಪ್ಪಿನ ಗಟ್ಟಿಗಳನ್ನು ಬೆನ್ನಬುಟ್ಟಿಯಲ್ಲಿ ದೋಣಿಕಟ್ಟೆಗೆ ಇಳಿಸುವುದು ಹೆಂಗಸರ ಕೆಲಸ. ಸರದಿಯ ದಿನ ಮನೆಗೊಬ್ಬರು ಹೋಗಬೇಕು. ಸೆಂಜಿಗೆ ಹದಿನೆಂಟಾಗಿದ್ದ ವರ್ಷ, ಫೆಬ್ರವರಿಯ ಒಂದು ಬೆಳಗ್ಗೆ, ಸರದಿ ಬುರ್ಗಿಯದು. ಹಿಂದಿನ ದಿನ ಮಂಜುಗಡ್ಡೆಯ ಮೇಲೆ ಜಾರಿ ಅವಳ ಮಂಡಿ ಊದಿತ್ತು.

“ನೀನು ಹೋಗೇ,” ಎಂದಳು ಮಗಳಿಗೆ.

“ನಿನ್ನೆ ತಾನೆ ಹೋಗಿದ್ದೆ ಗಿರಣಿ ಮನೆಯವರ ಪರವಾಗಿ. ನನ್ನ ಬೂಟು ಇನ್ನೂ ಒಣಗಿಲ್ಲ.”

“ಒಲೆ ಮುಂದೆ ಇಟ್ಟಿದ್ರೆ ಒಣಗ್ತಿತ್ತು.”

“ಒಲೆ ಮುಂದೆ ನಿನ್ನ ಕಾಲಿತ್ತು!”

ಮಾತಿಗೆ ಮಾತು ಬೆಳೆಯಿತು. ಸೆಂಜಿ ಬಾರ್ಲಿ ಗಂಜಿಯ ಬಟ್ಟಲನ್ನು ನೂಕಿದಳು. ಗಂಜಿ ಚೆಲ್ಲಿತು. ಅನ್ನವನ್ನು ಚೆಲ್ಲುವುದೆಂದರೆ ಬುರ್ಗಿಗೆ ಮೈಯೆಲ್ಲ ಉರಿ.

“ಹೋಗು, ಹಾಳಾಗ್ಹೋಗು. ಹೋಗಿ ಸಾಯಿ!” ಎಂದಳು.

ಒದ್ದೆ ಬೂಟು ಮೆಟ್ಟಿಕೊಂಡು ಸೆಂಜಿ ಹೊರಟಳು. ಬಾಗಿಲ ಹತ್ತಿರದ ತೀರ್ಥದ ಬಟ್ಟಲಿಗೆ ದಿನವೂ ಬೆರಳದ್ದಿ ಶಿಲುಬೆಯ ಗುರುತು ಮಾಡಿಕೊಳ್ಳುವವಳು ಅಂದು ಮಾಡಲಿಲ್ಲ. ಬಾಗಿಲು ಜೋರಾಗಿ ಬಡಿದುಕೊಂಡಿತು. ಬುರ್ಗಿ ನೆಲ ಒರೆಸಿದಳು. ಹತ್ತು ಗಂಟೆಯ ಸುಮಾರಿಗೆ ಬೆಟ್ಟ ಒಮ್ಮೆ ಕೆಮ್ಮಿದಂತೆ ಸದ್ದು ಬಂತು.

ಹಿಮ ಜಾರಿ ದಾರಿಯ ಜೊತೆಗೆ ಇಬ್ಬರು ಸೆಂಜಿಯರನ್ನೂ ಕೊಂಡೊಯ್ಯಿತು. ಅವರ ಮುಂದಿದ್ದ ಹೆಂಗಸರು ಉಳಿದರು, ಹಿಂದಿದ್ದವರು ಉಳಿದರು. ಆ ಇಬ್ಬರು ಹುಡುಗಿಯರು ಮಧ್ಯದಲ್ಲಿದ್ದರು. ಏಪ್ರಿಲ್ಲಿನಲ್ಲಿ ಹಿಮ ಕರಗಿದಾಗ ದೇಹ ಸಿಕ್ಕವು. ಕುಲುಮೆಯವಳ ಕೆಂಪು ಸೊಂಟಪಟ್ಟಿಯಿಂದ ಗಂಡಸರು ಗುರುತು ಹಿಡಿದರು. ತಾಯಂದಿರಿಗೆ ತೋರಿಸಲಿಲ್ಲ. ಪೆಟ್ಟಿಗೆಗೆ ಅಲ್ಲೇ ಮೊಳೆ ಹೊಡೆದರು.

“ತೆಗೀರಿ. ಒಂದು ಸಲ ತಲೆ ಮುಟ್ತೀನಿ,” ಎಂದು ಬುರ್ಗಿ ಬೇಡಿದಳು.

“ಬೇಡ ಬುರ್ಗಿ. ಎರಡು ತಿಂಗಳಾಗಿದೆ. ಈಗ ಮುಟ್ಬಾರದು,” ಎಂದ ಇಗ್ನಾಜ್. ಆಮೇಲೆ ಮೆಲ್ಲಗೆ ಹೇಳಿದ: “ಹತ್ತು ವರ್ಷ ತಡ್ಕೋ. ಆವಾಗ ಮುಟ್ಟೋವಂತೆ. ನಾನೇ ಕೊಡ್ತೀನಿ ನಿನ್ನ ಕೈಗೆ.”

ಒಂದೇ ದಿನ, ಅಕ್ಕಪಕ್ಕದ ಗುಂಡಿಗಳಲ್ಲಿ ಹೂತರು. ಎರಡು ಕಬ್ಬಿಣದ ಶಿಲುಬೆಗಳ ಮೇಲೂ ಒಂದೇ ಬರಹ: ಕ್ರೆಸೆನ್ಸ್ ವಿಂಕ್ಲರ್, 1881. ಮನೆಹೆಸರನ್ನು ಶಿಲುಬೆಯ ಮೇಲೆ ಬರೆಯುವ ಪದ್ಧತಿಯಿಲ್ಲ. ಎಡಗಡೆಯದು ಸಂಕದವಳದು, ಬಲಗಡೆಯದು ಕುಲುಮೆಯವಳದು ಎಂದು ಊರಿಗೇ ಗೊತ್ತಿದ್ದ ಮೇಲೆ ಬರೆಯುವುದೇತಕ್ಕೆ?

ಬುರ್ಗಿ ಗುರುಗಳ ಬಳಿ ಪಾಪನಿವೇದನೆ ಮಾಡಿದಳು. “ಮಗಳಿಗೆ ಸಾಯಿ ಅಂದೆ ಸ್ವಾಮಿ. ಸತ್ಲು.”

ಗುರುಗಳು ಒಳ್ಳೆಯವರು. “ಸಿಟ್ಟಲ್ಲಿ ಬಂದ ಮಾತು, ತಾಯಿ. ಹಿಮ ನಿನ್ನ ಮಾತು ಕೇಳಿ ಜಾರಲಿಲ್ಲ. ದೇವರು ಕ್ಷಮಿಸಿದ್ದಾನೆ,” ಎಂದು ಮೂರು ಜಪಮಾಲೆಯ ಪ್ರಾಯಶ್ಚಿತ್ತ ಕೊಟ್ಟರು.

ಬುರ್ಗಿ ಮೂರಲ್ಲ, ಮುನ್ನೂರು ಜಪಮಾಲೆ ಮಾಡಿದಳು. ದೇವರು ಕ್ಷಮಿಸಿದನೆಂಬುದನ್ನು ನಂಬಿದಳು. ಆದರೆ ಆ ಮಾತನ್ನು ಅವಳು ದೇವರಿಗೆ ಅಂದಿರಲಿಲ್ಲ. ಯಾರಿಗೆ ಅಂದಿದ್ದಳೋ ಅವಳ ಕೈಯಿಂದಲೇ ಅದನ್ನು ವಾಪಸು ತೆಗೆದುಕೊಳ್ಳಬೇಕು. ಲಿಯೊನಾರ್ಡನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಆಡಿದ ಹಾಗೆ ಮಗಳ ತಲೆಯನ್ನೂ ಇಟ್ಟುಕೊಂಡು, ಬಾಯಿಬಿಟ್ಟು, ‘ನಾನು ಹಾಗಂದೆ, ಅದು ಸುಳ್ಳು, ಅದನ್ನ ನಂಗೆ ವಾಪಸ್ ಕೊಡು’ ಎನ್ನಬೇಕು. ಹತ್ತು ವರ್ಷ ಅವಳು ಬದುಕಿದ್ದು ಅದಕ್ಕಾಗಿ ಎಂದರೆ ತಪ್ಪಲ್ಲ. ಉಪ್ಪು ಹೊತ್ತಳು, ಮೇಕೆ ಸಾಕಿದಳು, ಚಳಿಗಾಲದಲ್ಲಿ ಉಣ್ಣೆ ನೂತಳು. ಯಾರಾದರೂ ‘ಹೇಗಿದ್ದೀಯ ಬುರ್ಗಿ?’ ಎಂದರೆ ‘ಇನ್ನು ಆರು ವರ್ಷ’, ‘ಇನ್ನು ನಾಲ್ಕು’ ಎನ್ನುತ್ತಿದ್ದಳು. ಮೂಳೆಮನೆಯ ಸಾಲಿನಲ್ಲಿ ಲಿಯೊನಾರ್ಡನ ಪಕ್ಕದ ಜಾಗವನ್ನು ಶನಿವಾರ ಶನಿವಾರ ಒರೆಸಿಡುತ್ತಿದ್ದಳು.

ಎಂಟನೆಯ ವರ್ಷ ಇಗ್ನಾಜ್ ಸತ್ತ. ಮಕ್ಕಳಿರಲಿಲ್ಲ. ಊರಿನವರು ಸಭೆ ಸೇರಿ ಆಚೆ ದಡದ ಕೊರ್ಬಿನಿಯನ್ ಎಂಬವನನ್ನು ಕರೆಸಿದರು. ವಯಸ್ಸು ನಲವತ್ತು, ಶುಭ್ರವಾದ ಮನುಷ್ಯ, ಅಕ್ಷರ ಮುತ್ತಿನಂತೆ. ಅಲ್ಲಿನ ಚಿಕ್ಕ ಇಗರ್ಜಿಯೊಂದರಲ್ಲಿ ಲೆಕ್ಕ ಬರೆದುಕೊಂಡಿದ್ದವನು. ಇಗ್ನಾಜ್ ಬಿಟ್ಟುಹೋದ ಕೊಟ್ಟಿಗೆಯ ಕೊಳಕು ನೋಡಿ ಅವನಿಗೆ ಹೇಸಿಗೆಯಾಯಿತು. ಗೋಡೆಗೆ ಸುಣ್ಣ ಹೊಡೆದ, ಹಲಗೆಗಳನ್ನು ಉಜ್ಜಿದ, ಮೇಜಿನ ಮೇಲೆ ಸಾಲಾಗಿ ಕುಂಚ ಜೋಡಿಸಿದ. ಊರಿನವರಿಗೆ ಅವನ ಅಕ್ಷರ ತುಂಬಾ ಹಿಡಿಸಿತು. ಸತ್ತ ಮೇಲಾದರೂ ತಮ್ಮ ಹೆಸರು ಇಷ್ಟು ಚೆಂದ ಕಾಣುತ್ತದಲ್ಲ ಎಂದರು.

1891ರ ಮೇ ತಿಂಗಳಲ್ಲಿ ಜ್ವರ ಬಂದು ಊರಿನಲ್ಲಿ ಒಂದೇ ವಾರಕ್ಕೆ ಇಬ್ಬರು ಸತ್ತರು. ಎರಡು ಗುಂಡಿ ಬೇಕಾದವು. ಸೆಂಜಿಯರ ಸರದಿ ಬಂದಿತ್ತು. ತೋಡುವಾಗ ಹೆತ್ತವರು ನೋಡಬಾರದೆಂಬ ರೂಢಿ. ಬುರ್ಗಿ ಮನೆಯಲ್ಲೇ ಕೂತು ಗುದ್ದಲಿಯ ಸದ್ದನ್ನು ಕೇಳಿದಳು. ಆರು ವಾರ ಕೊಟ್ಟಿಗೆಯ ಮುಂದೆ ಹಾದುಹೋಗುವಾಗೆಲ್ಲ ಮಾಡಿನ ಮೇಲೆ ಬೆಳ್ಳಗಾಗುತ್ತಿದ್ದ ಸಾಲನ್ನು ತಲೆಯೆತ್ತಿ ನೋಡಿ ‘ಇನ್ನೊಂದು ಸ್ವಲ್ಪ ದಿನ ಕಣೇ’ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು.

ಕರೆ ಬಂದ ದಿನ ಅವಳು ತಲೆಸ್ನಾನ ಮಾಡಿ, ಮದುವೆಯ ಕಪ್ಪು ಲಂಗ ಉಟ್ಟು, ಮೆತ್ತನೆಯ ಬಟ್ಟೆ ತೆಗೆದುಕೊಂಡು ಹೋದಳು. ಕುಲುಮೆಯ ಅಫ್ರಾ ಆಗಲೇ ಬಂದು ಬೆಂಚಿನ ಮೇಲೆ ಕೂತಿದ್ದಳು. ಆರು ಮಕ್ಕಳ ತಾಯಿ, ದಪ್ಪ ಮೈ, ದೊಡ್ಡ ಬಾಯಿ.

“ಏನೇ ಬುರ್ಗಿ, ಮದುವೆಗೆ ಬಂದ ಹಾಗೆ ಬಂದಿದ್ದೀಯ! ನಾನು ನೋಡು, ಹಂದಿಗೆ ಹಾಕಿ ಹಾಗೇ ಬಂದೆ.”

ಕೊರ್ಬಿನಿಯನ್ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಎರಡು ಬುರುಡೆಗಳನ್ನು ಇಟ್ಟಿದ್ದ. ಪಕ್ಕದಲ್ಲಿ ಬಿಸಿನೀರಿನ ಎರಡು ಬೋಗುಣಿ. ಅಷ್ಟು ಅಚ್ಚುಕಟ್ಟು.

“ಯಾವುದಪ್ಪ ನಂದು?” ಎಂದಳು ಬುರ್ಗಿ.

ಅವನು ಮೊದಲನೆಯದರ ಕೆಳಗಿನಿಂದ ಚೀಟಿ ತೆಗೆದು ಓದಿದ. “ಕ್ರೆಸೆನ್ಸ್ ವಿಂಕ್ಲರ್, ಸಾವಿರದೆಂಟುನೂರ ಎಂಬತ್ತೊಂದು.” ಎರಡನೆಯದರ ಕೆಳಗಿನ ಚೀಟಿಯನ್ನೂ ತೆಗೆದ. “ಕ್ರೆಸೆನ್ಸ್ ವಿಂಕ್ಲರ್, ಸಾವಿರದೆಂಟುನೂರ...”

ಅಲ್ಲಿಗೆ ನಿಲ್ಲಿಸಿದ. ಎರಡು ಚೀಟಿಗಳನ್ನೂ ಎರಡು ಕೈಯಲ್ಲಿ ಹಿಡಿದು ನೋಡಿದ.

“ಅದು ಗೊತ್ತು ಕಣಪ್ಪ. ಸಂಕದವಳು ಯಾವಳು?”

“ಪುಸ್ತಕದಲ್ಲಿ ಇದ್ದದ್ದನ್ನ ನೋಡಿ ಬರೆದೆನಮ್ಮ.”

“ಗುರುತು ಎಲ್ಲಿ? ಕತ್ತಿನ ಹಿಂದೆ ಗುರುತು ಗೀರ್ತಾರೆ.”

“ಯಾವ ಗುರುತು?”

ಇಗ್ನಾಜ್ ಅವನಿಗೆ ಹೇಳಿಕೊಟ್ಟಿರಲಿಲ್ಲ, ಹೇಳಿಕೊಡಲು ಬದುಕಿರಲಿಲ್ಲ. ಊರಿನವರಲ್ಲಿ ಯಾರೂ ಹೇಳಿರಲಿಲ್ಲ. ಗುಂಡಿ ತೋಡುವವನಿಗೆ ಅಷ್ಟೂ ಗೊತ್ತಿರುವುದಿಲ್ಲವೆಂದು ಯಾರಿಗೆ ಹೊಳೆಯಬೇಕು? ಉಸಿರಾಡುವುದನ್ನು ಯಾರಾದರೂ ಹೇಳಿಕೊಡುತ್ತಾರೆಯೇ?

“ಎಡಗಡೆ ಗುಂಡಿ ನಂದು,” ಎಂದಳು ಬುರ್ಗಿ. “ಎಡಗಡೆಯದು ಯಾವುದು, ಹೇಳು.”

ಕೊರ್ಬಿನಿಯನ್ ಬೆವರಿದ. “ಎಡಗಡೆಯದನ್ನೇ ಮೊದಲು ತೆಗೆದೆ. ಮಾಡಿನ ಮೇಲೂ ಎಡಕ್ಕೇ ಇಟ್ಟಿದ್ದೆ. ಆದರೆ ಪೆಂತೆಕೋಸ್ತ್ ಹಬ್ಬದ ಹಿಂದಿನ ದಿನ ಆಲಿಕಲ್ಲು ಬಿತ್ತಲ್ಲ... ಎಲ್ಲಾನೂ ಬುಟ್ಟಿಗೆ ಹಾಕಿ ಒಳಗೆ ತಂದೆ. ಮಾರನೇ ದಿನ ಮತ್ತೆ ಮೇಲಿಟ್ಟೆ. ಚೀಟಿ ಇತ್ತಲ್ಲಮ್ಮ! ಒಂದೊಂದಕ್ಕೂ ಚೀಟಿ ಕಟ್ಟಿದ್ದೆ! ಚೀಟಿ ಇರುವಾಗ ಎಡ ಬಲ ಯಾಕೆ ನೆನಪಿಟ್ಟುಕೊಳ್ಳಲಿ?”

ಅಫ್ರಾ ಎದ್ದು ನಿಂತಳು. “ಆಚೆ ದಡದ ಕೋಣ! ತೊಂಬತ್ತು ಮನೆ ವಿಂಕ್ಲರ್ ಇರೋ ಊರಲ್ಲಿ ವಿಂಕ್ಲರ್ ಅಂತ ಚೀಟಿ ಬರೆದನಂತೆ! ಕುರಿಮಂದೇಲಿ ಕುರಿ ಅಂತ ಬರೆದು ಕಟ್ಟಿದ ಹಾಗೆ!”

ಬುರ್ಗಿ ಬೈಯಲಿಲ್ಲ. ಎರಡು ಬುರುಡೆಗಳ ಮುಂದೆ ಬಗ್ಗಿದಳು. “ಹಲ್ಲು,” ಎಂದಳು. “ನನ್ನವಳ ಮುಂದಿನ ಹಲ್ಲು ಚೂರು ಮುರಿದಿತ್ತು. ಅಕ್ರೋಟು ಕಚ್ಚಿ.” ಎರಡರಲ್ಲೂ ಮುಂದಿನ ಹಲ್ಲಿನ ಜಾಗ ಖಾಲಿ. ಮಣ್ಣಿನಿಂದ ಎತ್ತುವಾಗ ಉದುರಿದ ಹಲ್ಲುಗಳನ್ನೆಲ್ಲ ಕೊರ್ಬಿನಿಯನ್ ಎಸೆಯಬಾರದೆಂದು ಒಂದು ತಗಡಿನ ಡಬ್ಬಿಯಲ್ಲಿ ಹಾಕಿಟ್ಟಿದ್ದ. ಎರಡು ವರ್ಷದಿಂದ ಎತ್ತಿದ ಎಲ್ಲರದೂ ಅದರಲ್ಲಿತ್ತು. ಬುರ್ಗಿ ಬಟ್ಟೆಯ ಮೇಲೆ ಸುರಿದು ಒಂದೊಂದಾಗಿ ಆರಿಸಿದಳು. ತುದಿ ಮುರಿದ ಮುಂದಿನ ಹಲ್ಲುಗಳು ನಾಲ್ಕು ಸಿಕ್ಕವು. ವಿಂಕೆಲ್ಲಿನಲ್ಲಿ ಹಲ್ಲಿನಿಂದ ಅಕ್ರೋಟು ಒಡೆಯದವರು ಯಾರಿದ್ದಾರೆ? ನಾಲ್ಕನ್ನೂ ಎರಡೂ ಬುರುಡೆಗಳಲ್ಲಿ ಕೂರಿಸಿ ನೋಡಿದಳು. ಎಲ್ಲವೂ ಕೂತವು. ಎಲ್ಲವೂ ಅಲ್ಲಾಡಿದವು.

ನೀರು ತಣ್ಣಗಾಯಿತು. ಕೊರ್ಬಿನಿಯನ್ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಿದ್ದ.

“ನೋಡು ಬುರ್ಗಿ,” ಎಂದಳು ಅಫ್ರಾ, ಈಗ ಅವಳ ದನಿ ಇಳಿದಿತ್ತು. “ಒಟ್ಟಿಗೆ ಹೋದ್ರು, ಒಟ್ಟಿಗೆ ಮಲಗಿದ್ರು. ಒಬ್ಬಳೇ ಜ್ಞಾನತಾಯಿ. ಒಂದು ನೀನು ತಗೋ, ಒಂದು ನಾನು ತಗೋತೀನಿ. ನೀನೇ ಮೊದಲು ಆರಿಸ್ಕೋ. ನಂಗೆ ಮನೆ ತುಂಬ ಇದ್ದಾರೆ. ನಿಂಗೆ ಇದ್ದವಳು ಒಬ್ಬಳೇ.”

“ಆರಿಸೋಕೆ ಇದೇನು ಮೊಟ್ಟೆಯಾ?”

“ಮತ್ತೇನ್ ಮಾಡ್ತೀಯ? ಎರಡನ್ನೂ ತೊಳಿ. ಎರಡಕ್ಕೂ ಮುತ್ತು ಕೊಡು. ಒಂದಕ್ಕಾದ್ರೂ ಸೇರುತ್ತೆ.”

“ಮುತ್ತು ಕೊಡೋಕೆ ಬಂದಿಲ್ಲ ನಾನು.”

ಹತ್ತು ವರ್ಷ ಗುರುಗಳಿಗಲ್ಲದೆ ಇನ್ನಾರಿಗೂ ಹೇಳದ ಮಾತನ್ನು ಬುರ್ಗಿ ಆಗ ಅಫ್ರಾಳಿಗೆ ಹೇಳಿದಳು. ಗಂಜಿ ಚೆಲ್ಲಿದ್ದು, ಒದ್ದೆ ಬೂಟು, ತಾನು ಅಂದದ್ದು.

“ಅಯ್ಯೋ ಹುಚ್ಚೀ!” ಎಂದಳು ಅಫ್ರಾ. “ಇದನ್ನ ಹತ್ತು ವರ್ಷ ಎದೇಲಿಟ್ಕೊಂಡು ಕೂತಿದ್ದೀಯಾ? ನಾನು ನನ್ನ ಮಕ್ಕಳಿಗೆ ದಿನಾ ಅಂತೀನಿ, ಸಾಯ್ರೋ, ಹಾಳಾಗಿ ಹೋಗ್ರೋ ಅಂತ. ಒಬ್ರಾದ್ರೂ ಸತ್...”

ಅವಳು ಮೇಜಿನ ಕಡೆ ನೋಡಿ, ಏಪ್ರನ್ನಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಹೇಳಿದಳು: “ಅವತ್ತು ಅಂದಿರ್ಲಿಲ್ಲ. ಅವತ್ತು ಅವಳು ಹಾಡ್ಕೊಂಡು ಹೋದ್ಲು.”

“ಅದೇ ಅಫ್ರಾ. ನಿನ್ನವಳಿಗೆ ಯಾರೂ ಏನೂ ಅಂದಿಲ್ಲ.”

ಗುರುಗಳನ್ನು ಕರೆತಂದರು. ಅವರು ಎರಡೂ ಬುರುಡೆಗಳಿಗೆ ತೀರ್ಥ ಚಿಮುಕಿಸಿ, ಬುರ್ಗಿಯನ್ನು ಕೂರಿಸಿ, ಮೆಲ್ಲಗೆ ಹೇಳಿದರು: “ತಾಯಿ, ದೇವರು ಒಬ್ಬೊಬ್ಬರನ್ನೂ ಹೆಸರು ಹಿಡಿದು ಬಲ್ಲ. ಅವನಿಗೆ ಗೊಂದಲ ಇಲ್ಲ. ನೀನು ಹೇಳಬೇಕಾದ್ದನ್ನ ಹೇಳು. ಅವನು ಮುಟ್ಟಿಸ್ತಾನೆ.”

“ದೇವರಿಗೆ ಗೊತ್ತಿದೆ, ಸ್ವಾಮಿ. ನಂಗೆ ಗೊತ್ತಿಲ್ಲವಲ್ಲ. ಅವಳನ್ನ ಕಳಿಸಿದ್ದು ದೇವರಲ್ಲ, ನಾನು.”

ಗುರುಗಳು ತಲೆ ತಗ್ಗಿಸಿದರು. ತಿಳಿದವರು. ತೀರ್ಥದ ಪಾತ್ರೆ ಎತ್ತಿಕೊಂಡು ಎದ್ದರು.

ಎಲ್ಲರನ್ನೂ ಹೊರಗೆ ಕಳಿಸಿ ಬುರ್ಗಿ ಒಬ್ಬಳೇ ಉಳಿದಳು. ಒಂದನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ಹಗುರವಾಗಿತ್ತು, ಒಣಗಿದ ಸೋರೆಬುರುಡೆಯಷ್ಟು ಹಗುರ. ಬೆರಳಿನಿಂದ ಹಣೆ ಸವರಿದಳು. ‘ಸೆಂಜಿ’ ಎಂದಳು. ಆ ಹೆಸರು ಎರಡಕ್ಕೂ ಸೇರಿದ್ದು. ‘ನಾನು ನಿಂಗೆ ಅವತ್ತು’ ಎಂದು ಶುರುಮಾಡಿದಳು. ಅಂದ ಮಾತನ್ನು ವಾಪಸು ಕೇಳಬೇಕಾದರೆ ಮೊದಲು ಅದನ್ನು ಮತ್ತೊಮ್ಮೆ ಬಾಯಲ್ಲಿ ತರಬೇಕು. ಈ ತಲೆ ಹಾಡಿಕೊಂಡು ಹೋದವಳದಾಗಿದ್ದರೆ? ಇನ್ನೊಬ್ಬರ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ‘ಸಾಯಿ’ ಎಂಬ ಮಾತನ್ನು ಮೊದಲ ಸಲ ಅವಳ ಕಿವಿಯಲ್ಲಿ ಹಾಕಿದಂತಾಗುವುದಿಲ್ಲವೇ? ಇನ್ನೊಂದನ್ನು ಎತ್ತಿಕೊಂಡಳು. ಅದೂ ಅಷ್ಟೇ ಹಗುರ. ಅಲ್ಲೂ ಅದೇ ಭಯ. ಪ್ರಾರ್ಥನೆ ಮಾಡೋಣವೆಂದು ‘ನಮೋ ಮರಿಯೆ’ ಎಂದಳು. ಅರ್ಧಕ್ಕೆ ಅದೂ ನಿಂತಿತು. ಶಿಲುಬೆಯಿಂದ ಇಳಿದು ದೇವಮಾತೆಯ ಮಡಿಲಿಗೆ ಬಂದದ್ದು ಅವಳ ಮಗನೇ ಎಂಬುದಾದರೂ ಅವಳಿಗೆ ಗೊತ್ತಿತ್ತಲ್ಲ ಎಂಬ ಯೋಚನೆ ಬಂತು. ಅಂಥ ಯೋಚನೆ ಬಂದದ್ದಕ್ಕೆ ತಪ್ಪಾಯಿತೆಂದು ಎದೆ ಮುಟ್ಟಿಕೊಂಡಳು.

ಹೊತ್ತು ಇಳಿಯುವ ಮುಂಚೆ ಬಾಗಿಲು ತೆರೆದು ಹೊರಗೆ ಬಂದಳು. ತಂದಿದ್ದ ಬಟ್ಟೆ ಮಡಿಸಿದ್ದು ಮಡಿಸಿದಂತೆಯೇ ಇತ್ತು.

“ಎರಡನ್ನೂ ನೀನೇ ತೊಳಿ ಅಫ್ರಾ,” ಎಂದಳು. “ಎರಡನ್ನೂ ಕುಲುಮೆ ಮನೆ ಸಾಲಲ್ಲೇ ಇಡಿಸು.”

“ಏನ್ ಹೇಳ್ತಿದ್ದೀಯ? ಲಿಯೊನಾರ್ಡ್ ಪಕ್ಕ ಹತ್ತು ವರ್ಷದಿಂದ ಜಾಗ ಒರೆಸಿಟ್ಟಿದ್ದೀಯಲ್ಲೇ!”

“ತಪ್ಪಿ ನಿನ್ನವಳನ್ನ ತಗೊಂಡ್ಹೋದ್ರೆ ನನ್ನವಳು ನಿನ್ನ ಸಾಲಲ್ಲಿ ನಿಂತು ಅಂದ್ಕೋತಾಳೆ, ಅಮ್ಮ ನನ್ನ ಗುರುತೂ ಹಿಡೀಲಿಲ್ಲ ಅಂತ. ಇಬ್ಬರೂ ನಿನ್ನ ಹತ್ರ ಇದ್ರೆ ಇಬ್ಬರಿಗೂ ಒಬ್ಬ ತಾಯಿ ಇದ್ದ ಹಾಗಾಯ್ತು.”

“ಮತ್ತೆ ನೀನು?”

“ನನ್ನ ಮಾತು ಅವಳ ಹತ್ರಾನೇ ಇರ್ಲಿ.”

ಅಫ್ರಾ ಎರಡನ್ನೂ ತೊಳೆದಳು. ಕೊರ್ಬಿನಿಯನ್ ಎರಡರ ಮೇಲೂ ತನ್ನ ಮುತ್ತಿನಂಥ ಅಕ್ಷರಗಳಲ್ಲಿ ಒಂದೇ ಹೆಸರು ಬರೆದ, ಒಂದೇ ಥರದ ಗುಲಾಬಿ ಸರ ಬಿಡಿಸಿದ. ಆಮೇಲೆ ಅವನು ಮನೆಮನೆಗೆ ಹೋಗಿ ಪ್ರತಿಯೊಂದು ಮನೆಯ ಗುರುತನ್ನೂ ಕೇಳಿ ಪುಸ್ತಕದಲ್ಲಿ ಬರೆದುಕೊಂಡನಂತೆ. ಸಂಕದ ಮನೆಗೂ ಬಂದ. ಬುರ್ಗಿ ಅವನಿಗೆ ಕಾಫಿ ಕೊಟ್ಟು, ಎರಡು ಅಡ್ಡಗೆರೆ, ಕೆಳಗೊಂದು ಅಲೆ ಬಿಡಿಸಿ ತೋರಿಸಿದಳು.

“ಮುಂದೆ ನಿಮ್ಮ ಮನೆಯಲ್ಲಿ...” ಎಂದು ಅವನು ಸಮಾಧಾನಕ್ಕೆ ಏನೋ ಹೇಳಹೊರಟ.

“ಈ ಮನೇಲಿ ಮುಂದೆ ಯಾರೂ ಇಲ್ಲಪ್ಪ,” ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಅವನನ್ನು ಅವಳು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನೇ ಯಾರ ಬಳಿಯೋ ಹೇಳಿದನಂತೆ.

ಅಲ್ಲಿಂದ ಮುಂದೆ ಹದಿನಾರು ವರ್ಷ ಬುರ್ಗಿ ಬದುಕಿದಳು. ಮೂಳೆಮನೆಯೊಳಗೆ ಕಾಲಿಡಲಿಲ್ಲ, ಗಂಡನನ್ನು ನೋಡಲಿಕ್ಕೂ. ಶನಿವಾರಗಳಂದು ಆ ಬಾಗಿಲ ಹೊರಗಿನ ಕಲ್ಲಿನ ಮೇಲೆ ಕೂತು ಜಪಮಾಲೆ ಮುಗಿಸಿ ಹೊರಟುಹೋಗುತ್ತಿದ್ದಳು. ‘ಹೇಗಿದ್ದೀಯ?’ ಎಂದು ಕೇಳಿದವರಿಗೆ ಹೇಳಲು ಅವಳ ಬಳಿ ಈಗ ಯಾವ ಲೆಕ್ಕವೂ ಇರಲಿಲ್ಲ. ಜಗಳವಾಡುವುದನ್ನು ಬಿಟ್ಟಳು. ಮೇಕೆ ತರಕಾರಿ ಮೇಯ್ದರೆ ಸುಮ್ಮನೆ ಅಟ್ಟುತ್ತಿದ್ದಳು. ಊರಿನವರು ಅವಳನ್ನು ಸಾಧ್ವಿ ಎನ್ನತೊಡಗಿದರು. ಅದು ಸಾಧುತನವಲ್ಲವೆಂದು ಅಫ್ರಾಳಿಗೊಬ್ಬಳಿಗೇ ಗೊತ್ತಿತ್ತು.

ಸತ್ತವರ ಹಬ್ಬದ ದಿನ ಅಫ್ರಾ ಒಳಗೆ ಹೋಗಿ ತನ್ನ ಸಾಲನ್ನೆಲ್ಲ ಒರೆಸಿ, ದೀಪ ಹಚ್ಚಿ, ಹೊರಗೆ ಬಂದು ಹೇಳುತ್ತಿದ್ದಳು: “ಇಬ್ಬರನ್ನೂ ಒರೆಸಿದೆ ಕಣೇ. ನಿನ್ನವಳಿಗೂ ನನ್ನವಳಿಗೂ ಒಂದೊಂದು ದೀಪ. ನಿನ್ನ ಗಂಡನ ಮೂತಿಯನ್ನೂ ಒರೆಸಿದೆ, ಜೇಡ ಕಟ್ಟಿತ್ತು.” ಬುರ್ಗಿ ತಲೆಯಾಡಿಸುತ್ತಿದ್ದಳು.

1907ರ ಬೇಸಿಗೆಯಲ್ಲಿ ಬುರ್ಗಿಯ ಎದೆಯಲ್ಲಿ ನೀರು ತುಂಬಿತು. ಗುರುಗಳು ಬಂದು ಎಣ್ಣೆ ಹಚ್ಚಿ, ಕೊನೆಯ ಪ್ರಸಾದ ಕೊಟ್ಟು ಹೋದರು. ಅಫ್ರಾ ದಿನವೂ ಬಂದು ಕೂರುತ್ತಿದ್ದಳು. ಕಿಟಕಿ ತೆರೆದಿತ್ತು. ಹಳ್ಳ ಸಂಕದ ಕೆಳಗೆ ಸದ್ದು ಮಾಡುತ್ತಿತ್ತು.

“ಬುರ್ಗಿ, ಒಂದು ಮಾತು ಹೇಳ್ತೀನಿ, ಬೈಬೇಡ,” ಎಂದಳು ಅಫ್ರಾ. “ನೀನು ಹೇಳಬೇಕು ಅಂತಿದ್ದದ್ದನ್ನ ನಾನು ಹೋಗಿ ಇಬ್ಬರಿಗೂ ಹೇಳ್ಲಾ? ನನ್ನವಳು ತಪ್ಪು ತಿಳ್ಕೊಳಲ್ಲ. ಅವಳದು ಒಳ್ಳೇ ಮನಸ್ಸು.”

“ಬೇಡ.”

“ಸರಿ, ಬಿಡು. ಇನ್ನೇನು ನೀನೇ ಅವಳನ್ನ ನೋಡ್ತೀಯ. ಅಲ್ಲಿ ಯಾರ ತಲೆ ಯಾರದು ಅಂತ ಗೊಂದಲ ಇರಲ್ಲ. ಮುಖ ಇರುತ್ತೆ. ನೀನೇ ಹೇಳ್ಕೋಬಹುದು.” ಸಮಾಧಾನವಾಗಲಿ ಎಂದೇ ಅವಳು ಅದನ್ನು ಹೇಳಿದ್ದು.

ಬುರ್ಗಿ ಬಹಳ ಹೊತ್ತು ಉಸಿರೆಳೆದುಕೊಂಡಳು. ಮೂವತ್ತು ವರ್ಷ ಉಪ್ಪು ಹೊತ್ತ ಕೈ ಅಫ್ರಾಳ ಮಣಿಕಟ್ಟನ್ನು ಹುಡುಕಿ ಹಿಡಿಯಿತು, ನೋಯುವಷ್ಟು ಗಟ್ಟಿಯಾಗಿ.

“ಅವಳ ತಲೆ ನನ್ನ ಕೈಗೆ ಸಿಕ್ಕಿದ್ರೆ ನಾನು ಮಾತಾಡ್ತಿದ್ದೆ, ಅದು ಸುಮ್ಮನೆ ಕೇಳ್ತಿತ್ತು,” ಎಂದಳು. “ಅಲ್ಲಿ ಅವಳೂ ಮಾತಾಡ್ತಾಳೆ, ಅಫ್ರಾ. ಇಪ್ಪತ್ತಾರು ವರ್ಷ ಆದರೂ ಗುರುತು ಹಿಡಿಯೋಕೆ ಬರದೇ ಇದ್ದ ತಾಯಿಗೆ ಅವಳು ಏನಂತಾಳೋ. ನಂಗೆ ಹೋಗೋಕೆ ಭಯ ಆಗ್ತಿದೆ.”

ಅಫ್ರಾ ಜಪಮಾಲೆ ತೆಗೆದು ಗಟ್ಟಿಯಾಗಿ ಪ್ರಾರ್ಥಿಸತೊಡಗಿದಳು. ಬುರ್ಗಿಯ ತುಟಿಗಳು ಎರಡು ಮಣಿಯ ತನಕ ಜೊತೆಗೆ ಅಲುಗಿದವು. ಆಮೇಲೆ ಅಫ್ರಾ ಒಬ್ಬಳೇ ಹೇಳುತ್ತಿದ್ದಳು. ಮಣಿಕಟ್ಟಿನ ಮೇಲಿನ ಹಿಡಿತ ಮಾತ್ರ ಸಡಿಲವಾಗಿರಲಿಲ್ಲ. ಕೊನೆಗೆ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.